ಗಂಜಿಯಾಗುವ ಮೊದಲು: ಏಪ್ರಿಲ್ ಹಿಮ, ಮೂರು ಬೆಟ್ಟ

ಯುಗಾದಿ ಕಳೆದ ಮೇಲೆ ಸ್ಕೀಗೆ ಹೊರಟೆ ಅಂದರೆ ಕ್ಯಾಲಿಫೋರ್ನಿಯದ ಸನಿವೇಲ್‌ನ ನಮ್ಮ ಬಳಗದವರೆಲ್ಲ ನಗುತ್ತಾರೆ. "ಈಗ ಅಲ್ಲಿ ಏನಿದೆ, ಬರೀ ಕೆಸರು" ಅಂತ. ಅವರ ಸ್ಕೀಗಳು ಮಾರ್ಚ್ ಹೊತ್ತಿಗೇ ಗ್ಯಾರೇಜಿನ ಅಟ್ಟ ಸೇರಿರುತ್ತವೆ. ನನ್ನದು ಆಗ ಕೆಳಗಿಳಿಯುತ್ತದೆ. ನಲವತ್ತು ದಾಟಿದ ಮೇಲೆ ಸ್ಕೀ ಕಲಿತ ಹಾಸನದ ಹೆಂಗಸು ನಾನು. ಜನವರಿಯ ಬಿರುಗಾಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಇಳಿಯುವ ಚಪಲ ನನಗಿಲ್ಲ. ಬಿಸಿಲು ಬೇಕು, ಬಿದ್ದರೂ ಮೂಳೆ ಉಳಿಸುವ ಹಿಮ ಬೇಕು, ಮಧ್ಯಾಹ್ನ ಕಾರಿನ ಡಿಕ್ಕಿ ತೆಗೆದು ಕೂತು ಚಿತ್ರಾನ್ನ ತಿನ್ನಬೇಕು. ಇಷ್ಟಕ್ಕೆ ಯಾವ ಬೆಟ್ಟ ಒಳ್ಳೆಯದು ಅಂತ ಕೆಲವು ವರ್ಷಗಳಿಂದ ತಮ್ಮನ ಜೊತೆ ಅಲೆದಿದ್ದೇನೆ. ಪ್ಯಾಲಿಸೇಡ್ಸ್ ಟಾಹೋ, ಮ್ಯಾಮತ್, ಮೌಂಟ್ ರೋಸ್, ಈ ಮೂರರಲ್ಲಿ ಯಾವುದು ಅನ್ನುವುದು ನಮ್ಮ ಮನೆಯಲ್ಲಿ ಈಗಲೂ ಊಟದ ಹೊತ್ತಿನ ಜಗಳ.

ಮೊದಲು ಹಿಮದ ವಿಷಯ. ಹಗಲು ಕರಗಿ, ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ, ಹೀಗೆ ಹಲವು ದಿನ ನಡೆದರೆ ಮೇಲ್ಪದರದ ಹರಳುಗಳೆಲ್ಲ ದುಂಡಗಿನ ದಪ್ಪ ಕಾಳುಗಳಾಗುತ್ತವೆ. ಇಲ್ಲಿನವರು ಅದನ್ನು ಕಾರ್ನ್ ಅನ್ನುತ್ತಾರೆ. ಅಂಗೈಗೆ ಹಾಕಿಕೊಂಡು ನೋಡಿದರೆ ನನಗೆ ಕಾಣುವುದು ಜೋಳವಲ್ಲ, ನೆನೆಸಿಟ್ಟ ಸಬ್ಬಕ್ಕಿ. ಬೆಳಗ್ಗೆ ಎಂಟಕ್ಕೆ ಅದೇ ಇಳಿಜಾರು ಸಿಮೆಂಟು ರಸ್ತೆ, ಹತ್ತೂವರೆಗೆ ಸಬ್ಬಕ್ಕಿ, ಒಂದು ಗಂಟೆಗೆ ಗಂಜಿ. ಸಬ್ಬಕ್ಕಿಯ ಗಳಿಗೆ ಒಂದು ಇಳಿಜಾರಿನಲ್ಲಿ ಒಂದೆರಡು ಗಂಟೆ ಸಿಕ್ಕರೆ ಪುಣ್ಯ. ಪೂರ್ವಕ್ಕೆ ಮುಖ ಮಾಡಿದ್ದು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣ, ಆಮೇಲೆ ಪಶ್ಚಿಮ, ಉತ್ತರದ್ದು ಕೊನೆಗೆ. ಹಾಗಾಗಿ ಏಪ್ರಿಲ್‌ನಲ್ಲಿ ನಾನು ಬೆಟ್ಟದ ಎತ್ತರಕ್ಕಿಂತ ಅದು ಯಾವ ಕಡೆಗೆ ಮುಖ ಮಾಡಿದೆ ಅಂತ ಮೊದಲು ನೋಡುತ್ತೇನೆ.

ಪ್ಯಾಲಿಸೇಡ್ಸ್‌ಗೆ ಹೆಸರು ದೊಡ್ಡದು. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಜಾಗ, ಆಗಿನ ಹೆಸರು ಸ್ಕ್ವಾ ವ್ಯಾಲಿ. ಮೂಲನಿವಾಸಿ ಹೆಂಗಸರನ್ನು ಹೀಯಾಳಿಸುವ ಪದ ಅದು ಅಂತ 2021ರಲ್ಲಿ ಬದಲಾಯಿಸಿದರು. ನಮಗೆ ನಾಲ್ಕು ಗಂಟೆಯ ದಾರಿ. ಜಾಗ ವಿಶಾಲ, ಎಲ್ಲ ದಿಕ್ಕಿನ ಇಳಿಜಾರುಗಳೂ ಇವೆ, ಸಾಮಾನ್ಯವಾಗಿ ಮೇ ತನಕ ಬೆಟ್ಟ ಹತ್ತಿಸುವ ಲಿಫ್ಟ್ ಓಡುತ್ತದೆ. ತೊಂದರೆ ಇರುವುದು ಬುಡದಲ್ಲಿ. ಬುಡ ಕೇವಲ 6,200 ಅಡಿ ಎತ್ತರದಲ್ಲಿದೆ. ಮೇಲೆ ಸ್ವರ್ಗ, ಕೆಳಗೆ ಕೊಳಚೆ.

ಅಲ್ಲಿ ನನ್ನ ಮೊದಲ ಏಪ್ರಿಲ್ ದಿನ ಹೀಗಾಯಿತು. ಬೆಳಗ್ಗೆ ಮೇಲ್ಗಡೆ ಚೆನ್ನಾಗಿ ಆಡಿ, ಎರಡು ಗಂಟೆಗೆ ಮೌಂಟನ್ ರನ್ ಅನ್ನುವ ಉದ್ದನೆಯ ದಾರಿಯಲ್ಲಿ ಕೆಳಗೆ ಹೊರಟೆ. ಬಾಡಿಗೆ ಸ್ಕೀ; ಊರಿನ ಒಂದು ಅಂಗಡಿಯವನು "ಮೊನ್ನೆ ತಾನೇ ವ್ಯಾಕ್ಸ್ ಹಾಕಿದ್ದೇವೆ" ಅಂದಿದ್ದ (ಹಿಮ ಅಂಟದಿರಲಿ ಅಂತ ತಳಕ್ಕೆ ಹಚ್ಚುವ ಮೇಣ ಅದು). ತಳ ತಿರುಗಿಸಿ ನೋಡುವ ಬುದ್ಧಿ ನನಗಿರಲಿಲ್ಲ, ಒಣಗಿ ಬೆಳ್ಳಗಾಗಿತ್ತು. ಸ್ವಲ್ಪ ಸಮತಟ್ಟಾದ ಕಡೆ ನೀರು ಕುಡಿದ ಹಿಮ ಸ್ಕೀಯನ್ನು ಗಬಕ್ಕನೆ ಹಿಡಿದುಕೊಂಡಿತು. ಕಾಲು ನಿಂತಿತು, ಮೈ ನಿಲ್ಲಲಿಲ್ಲ. ಮುಖ ಅಡಿಯಾಗಿ ಬಿದ್ದೆ, ಮೂಗಿನ ತುಂಬ ಗಂಜಿ. ಹಿಂದಿನಿಂದ ಬಂದ ತಮ್ಮ ಎಬ್ಬಿಸುವ ಮೊದಲು ಸ್ಕೀ ತಳ ನೋಡಿದ: "ಅಕ್ಕಾ, ಇದಕ್ಕೆ ವ್ಯಾಕ್ಸ್ ಕಂಡು ವರ್ಷ ಆಗಿದೆ." ಅವತ್ತಿನಿಂದ ಮಧ್ಯಾಹ್ನ ಅಲ್ಲಿ ಸ್ಕೀಯಲ್ಲಿ ಕೆಳಗಿಳಿಯುವುದಿಲ್ಲ, ಫ್ಯೂನಿಟೆಲ್ ಅನ್ನುವ ಕೇಬಲ್ ಕಾರು ಹತ್ತಿ ಮರ್ಯಾದೆಯಾಗಿ ಬರುತ್ತೇನೆ.

ವ್ಯಾಕ್ಸ್ ಮಾತು ಬಂತಲ್ಲ, ಅದನ್ನೂ ಹೋಲಿಸಿ ನೋಡಿದ್ದೇವೆ. ಒಂದೇ ದಿನ, ಒಂದೇ ಇಳಿಜಾರು: ತಮ್ಮನ ಸ್ಕೀಗೆ ಮನೆಯಲ್ಲೇ ಇಸ್ತ್ರಿಪೆಟ್ಟಿಗೆಯಂಥ ವ್ಯಾಕ್ಸ್ ಐರನ್‌ನಿಂದ ಹಾಕಿದ ಬೆಚ್ಚನೆ ಹಿಮದ ಹಳದಿ ವ್ಯಾಕ್ಸ್, ನನ್ನದಕ್ಕೆ ಡಬ್ಬಿಯಿಂದ ತೆಗೆದು ಉಜ್ಜುವ ಪೇಸ್ಟ್. ಬೆಳಗ್ಗೆ ಹನ್ನೊಂದರ ತನಕ ಇಬ್ಬರೂ ಸಮ. ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಕೋಲು ಊರಿ ತಳ್ಳಿಕೊಳ್ಳುತ್ತಿದ್ದೆ, ಅವನು ಪಕ್ಕದಲ್ಲೇ ಸುಮ್ಮನೆ ಜಾರಿ ಹೋಗುತ್ತಿದ್ದ. ಹಸಿ ಹಿಮದಲ್ಲಿ ಸ್ಕೀ ತಳಕ್ಕೂ ಹಿಮಕ್ಕೂ ನಡುವೆ ನೀರಿನ ಪದರ ದಪ್ಪಗಾಗಿ, ಒದ್ದೆಯಾದ ಎರಡು ಗಾಜು ಒಂದಕ್ಕೊಂದು ಅಂಟಿದ ಹಾಗೆ ಅಂಟುತ್ತದೆ. ವ್ಯಾಕ್ಸ್ ನೀರನ್ನು ದೂಡುತ್ತದೆ. ತಳದಲ್ಲಿ ಕೊರೆಸಿದ ಸಣ್ಣ ಗೀರುಗಳು ಆ ನೀರು ಹರಿದುಹೋಗಲು ಕಾಲುವೆ. ಪೇಸ್ಟ್ ಡಬ್ಬಿ ಜೇಬಿನಲ್ಲಿ ಇಟ್ಟುಕೊಳ್ಳಿ, ಊಟ ಆದ ಮೇಲೆ ಇನ್ನೊಮ್ಮೆ ಉಜ್ಜಬಹುದು. ಆದರೆ ಅದನ್ನೇ ನಂಬಬೇಡಿ.

ಮ್ಯಾಮತ್ ಬೇರೆಯೇ ಲೋಕ. ತುದಿ 11,053 ಅಡಿ, ಮೇನ್ ಲಾಡ್ಜ್ ಇರುವುದೇ ಸುಮಾರು 9,000 ಅಡಿಯಲ್ಲಿ. ಹೆಚ್ಚಿನ ಇಳಿಜಾರುಗಳು ಉತ್ತರಕ್ಕೆ. ಹಾಗಾಗಿ ಹಿಮ ಅಲ್ಲಿ ಕೂತುಬಿಡುತ್ತದೆ. 2023ರ ಆ ಮಹಾ ಹಿಮದ ವರ್ಷ ಆಗಸ್ಟ್ 6ರ ತನಕ ಲಿಫ್ಟ್ ಓಡಿಸಿದರು. ಮೇ ಕೊನೆಯಲ್ಲಿ ಹೋದಾಗಲೂ ನನಗೆ ಬೆಳಗ್ಗೆ ಗಟ್ಟಿ ನೆಲ ಸಿಕ್ಕಿದೆ. ಆದರೆ ಅದೇ ಸಮಸ್ಯೆ ಕೂಡ. ಏಪ್ರಿಲ್‌ನ ಒಂದು ತಣ್ಣನೆಯ ದಿನ ಕಾರ್ನಿಸ್ ಬೌಲ್ ಅನ್ನುವ ಇಳಿಜಾರಿನ ಮೇಲೆ ನಿಂತು ಹಿಮ ಮೆತ್ತಗಾಗಲಿ ಅಂತ ಕಾದೆವು. ಹನ್ನೊಂದಾಯಿತು, ಹನ್ನೆರಡಾಯಿತು, ಕೋಲಿನ ತುದಿ ಊರಿದರೆ ಟಣ್ ಅನ್ನುತ್ತಿತ್ತು. ಅಷ್ಟರಲ್ಲಿ ಗಾಳಿ ಎದ್ದು ಮೇಲಿನ ಗೊಂಡೋಲ ನಿಲ್ಲಿಸಿಬಿಟ್ಟರು. ಗಾಳಿ ಅಲ್ಲಿಯ ಗ್ರಾಮದೇವತೆ, ಅವಳ ಮನಸ್ಸು ಬಂದಂತೆ.

ಇನ್ನು ದಾರಿ. ಬೇಸಿಗೆಯಲ್ಲಾದರೆ ಟಯೋಗಾ ಪಾಸ್ ಅನ್ನುವ ಬೆಟ್ಟದ ದಾರಿಯ ಮೇಲೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಹೋಗಬಹುದು. ಸ್ಕೀ ಕಾಲದಲ್ಲಿ ಅದು ಹಿಮದಡಿ ಮುಚ್ಚಿರುತ್ತದೆ, ಸುತ್ತುಹಾಕಿ 395ನೇ ಹೆದ್ದಾರಿ ಹಿಡಿಯಬೇಕು, ನಮಗೆ ಏಳು ಗಂಟೆ. ಮಲಗುವ ಊರೇ ಎಂಟು ಸಾವಿರ ಅಡಿ ಹತ್ತಿರ. ಮೊದಲ ರಾತ್ರಿ ನನಗೆ ತಲೆನೋವು ತಪ್ಪಿದ್ದಿಲ್ಲ. ನಾಲ್ಕು ದಿನ ರಜೆ ಇದ್ದರೆ, ಮೇ ತಿಂಗಳಾದರೆ, ಮ್ಯಾಮತ್ ಬಿಟ್ಟು ಬೇರೆ ಮಾತಿಲ್ಲ. ಎರಡೇ ದಿನಕ್ಕಾದರೆ ಬೇಡ.

ನಾನು ಮತ್ತೆ ಮತ್ತೆ ಹೋಗುವುದು ಮೌಂಟ್ ರೋಸ್‌ಗೆ. ಹೆಸರು ಕೇಳಿದವರು ಕಡಿಮೆ, ನೆವಾಡ ಕಡೆಗಿದೆ, ರೀನೋ ಊರಿಗೆ ಹತ್ತಿರ. ಹಳ್ಳಿಯಿಲ್ಲ, ಚಂದದ ಕಾಫಿ ಅಂಗಡಿಗಳ ಸಾಲಿಲ್ಲ. ಬುಡವೇ 8,260 ಅಡಿ, ಟಾಹೋ ಸರೋವರದ ಸುತ್ತಿನಲ್ಲಿ ಇಷ್ಟೆತ್ತರದ ಬುಡ ಇನ್ನೊಂದಿಲ್ಲ. ಅದರಿಂದ ಮಧ್ಯಾಹ್ನ ಕೂಡ ಕಾರಿನ ತನಕ ಸ್ಕೀಯಲ್ಲೇ ಬರಬಹುದು. ಅದಕ್ಕಿಂತ ಮುಖ್ಯ, ಬೆಟ್ಟಕ್ಕೆ ಎರಡು ಮೈ: ಸ್ಲೈಡ್ ಕಡೆ ಪೂರ್ವಕ್ಕೆ, ರೋಸ್ ಕಡೆ ಉತ್ತರಕ್ಕೆ. ಗಡಿಯಾರದ ಮುಳ್ಳಿನಂತೆ ಒಂದು ಮೈಯಿಂದ ಇನ್ನೊಂದಕ್ಕೆ ಹೋಗುತ್ತಾ ಇರುವುದು.

ಯುಗಾದಿಯ ನಂತರದ ಒಂದು ಶನಿವಾರ. ರಾತ್ರಿ ಮೋಡವಿರಲಿಲ್ಲ, ನಕ್ಷತ್ರ ತುಂಬಿತ್ತು. ಇದು ದೊಡ್ಡ ಸುಳಿವು: ತೆರೆದ ಆಕಾಶವಿದ್ದರೆ ಹಿಮದ ಶಾಖ ಮೇಲಕ್ಕೆ ಹೋಗಿಬಿಡುತ್ತದೆ, ಗಾಳಿ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮೋಡ ಕಂಬಳಿ ಹೊದಿಸಿದ ರಾತ್ರಿಯ ಮರುದಿನ ಬೆಳಗ್ಗೆಯೇ ಗಂಜಿ, ಅವತ್ತು ನಾವು ಹೋಟೆಲಿನಲ್ಲೇ ಉಳಿಯುತ್ತೇವೆ. ಒಂಬತ್ತಕ್ಕೆ ಸ್ಲೈಡ್ ಕಡೆ ಲಿಫ್ಟ್ ಹತ್ತಿದೆವು. ಮೇಲೆ ನಿಂತರೆ ಕೆಳಗೆ ಒಣ ಮರುಭೂಮಿ, ಕಂದು ಬಣ್ಣ, ಕಾಲಡಿ ಬಿಳಿ. ನಾನು ಇಳಿಯಲು ಹೊರಟೆ.

"ಅಕ್ಕಾ, ತಡಿ. ಶಬ್ದ ಕೇಳು."

ಮುಂದೆ ಇಳಿಯುತ್ತಿದ್ದವನ ಸ್ಕೀ ಗರಗರ ಅನ್ನುತ್ತಿತ್ತು, ತಗಡಿನ ಮೇಲೆ ಕುರ್ಚಿ ಎಳೆದ ಹಾಗೆ. ಕಾದೆವು. ಒಬ್ಬಟ್ಟಿನ ಒಂದು ತುಂಡು ಮುರಿದು ತಿಂದೆವು. ಇಪ್ಪತ್ತೈದು ನಿಮಿಷದ ಮೇಲೆ ಅದೇ ಜಾಗದಲ್ಲಿ ಇಳಿದವಳೊಬ್ಬಳ ಸ್ಕೀಯಿಂದ ಸುರ್ ಅನ್ನುವ ಸದ್ದು ಮಾತ್ರ. ಹೋದೆವು. ಮೇಲಿನ ಒಂದಿಂಚು ಸಬ್ಬಕ್ಕಿ, ಕೆಳಗೆ ಗಟ್ಟಿ ನೆಲ. ಸ್ಕೀ ಅಂಚು ಬೆಣ್ಣೆಗೆ ಚಾಕು ಇಟ್ಟ ಹಾಗೆ ಕಚ್ಚಿತು. ನಾನು ಇದ್ದಕ್ಕಿಂತ ಎರಡು ಪಟ್ಟು ಚೆನ್ನಾಗಿ ಸ್ಕೀ ಮಾಡುವವಳು ಅನ್ನಿಸಿಬಿಟ್ಟಿತು. ಐದು ಸಲ ಇಳಿದೆವು. ಆರನೆಯ ಸಲ ಬೂಟು ಹಿಮದೊಳಗೆ ಹೂತಿತು, ತಿರುಗಿದಲ್ಲಿ ಹಸಿ ಹಿಮ ಉಂಡೆಯಾಗಿ ಉರುಳತೊಡಗಿತು. ಅದು ಹೊರಡು ಅನ್ನುವ ಸೂಚನೆ. ಕಡಿದಾದ ಕಡೆ ಒದ್ದೆ ಹಿಮ ಹಾಗೆಯೇ ಜಾರಲು ಶುರುಮಾಡುವುದು. ರೋಸ್ ಕಡೆಗೆ ದಾಟಿದೆವು, ಅಲ್ಲಿ ಆಗ ತಾನೇ ಮೆತ್ತಗಾಗುತ್ತಿತ್ತು. ಎರಡರ ತನಕ ಸಿಕ್ಕಿತು.

ದೂರು ಇಲ್ಲವೆಂದಲ್ಲ. ಜಾಗ ಚಿಕ್ಕದು, ಮೂರನೆಯ ದಿನಕ್ಕೆ ಬೇಸರ. ಏಪ್ರಿಲ್ ಮುಗಿಯುವ ಮೊದಲೇ ಸಾಮಾನ್ಯವಾಗಿ ಬಾಗಿಲು ಹಾಕುತ್ತಾರೆ. ಪ್ಯಾಲಿಸೇಡ್ಸ್, ಮ್ಯಾಮತ್ ಎರಡಕ್ಕೂ ಐಕಾನ್ ಅನ್ನುವ ಸೀಸನ್ ಪಾಸ್ ನಡೆಯುತ್ತದೆ. ಇಲ್ಲಿ ನಾನು ದಿನದ ಟಿಕೆಟ್ ಕೊಂಡೆ, ತಮ್ಮ ಅದನ್ನು ಇನ್ನೂ ಎತ್ತಿ ಆಡುತ್ತಾನೆ.

ಮೂರೂ ಕಡೆ ಬಿಸಿಲು ಮಾತ್ರ ಒಂದೇ. ಹೊಸ ಹಿಮ ನೇರಳಾತೀತ ಕಿರಣವನ್ನು ಶೇಕಡಾ 80ರವರೆಗೂ ವಾಪಸ್ ಎಸೆಯುತ್ತದೆ, ಎತ್ತರ ಹೆಚ್ಚಿದಷ್ಟೂ ಅದರ ತೀವ್ರತೆಯೂ ಹೆಚ್ಚು. ಹಣೆಗೆ, ಕೆನ್ನೆಗೆ ಸನ್‌ಸ್ಕ್ರೀನ್ ಹಚ್ಚಿ ಜಾಣೆ ಅಂದುಕೊಂಡಿದ್ದೆ. ಬೆಳಕು ಕೆಳಗಿನಿಂದಲೂ ಬರುತ್ತದಲ್ಲ, ಗದ್ದದ ಅಡಿಯೂ ಮೂಗಿನ ಹೊಳ್ಳೆಯ ಒಳ ಅಂಚೂ ಸುಟ್ಟಿದ್ದವು. ಮುಂದಿನ ವಾರ ವಿಡಿಯೊ ಕರೆಯಲ್ಲಿ ಅಮ್ಮ ನೋಡಿ, "ಏನೇ ಅದು, ಮೂಗು ಆಲೂಗಡ್ಡೆ ಥರ ಸಿಪ್ಪೆ ಬಿಡ್ತಿದೆ?" ಅಂದರು. ಹಿಮದಲ್ಲಿ ಸುಟ್ಟುಕೊಂಡೆ ಅಂದರೆ ಅವರು ಇವತ್ತಿಗೂ ನಂಬಿಲ್ಲ.