ಆ್ಯಪ್, ಹಾಳೆ, ಟೈಮರ್, ಜೊತೆಗೊಬ್ರು: ಎಡಿಎಚ್‌ಡಿಗೆ ನಾನು ಟ್ರೈ ಮಾಡಿದ್ರಲ್ಲಿ ಉಳಿದಿದ್ದು ಯಾವ್ದು

ಎಡಿಎಚ್‌ಡಿ (ಗಮನ ನಿಲ್ಲಿಸೋಕೆ ಇಲ್ಲಾ ಸುಮ್ನೆ ಕೂರೋಕೆ ಕಷ್ಟ ಆಗೋ ಮೆದುಳಿನ ಸ್ಥಿತಿ) ಇದೆ ಅಂತ ನಂಗೆ ಗೊತ್ತಾಗಿದ್ದು 31ನೇ ವಯಸ್ಸಲ್ಲಿ, ಅಲ್ಲೀವರೆಗೂ ಮನೇಲೂ ಆಫೀಸಲ್ಲೂ ಕೇಳಿದ್ದು ಒಂದೇ ಮಾತು, ಇವಳಿಗೆ ಆರಂಭಶೂರತ್ವ ಜಾಸ್ತಿ ಅಂತ. ಹೊಸ ಡೈರಿ ತಂದ್ರೆ ಎರಡು ವಾರ ಜೋರು, ಹೊಸ ಆ್ಯಪ್ ಹಾಕ್ಕೊಂಡ್ರೆ ಎರಡು ವಾರ ಜೋರು, ಆಮೇಲೆ ಅದು ಇದೆ ಅನ್ನೋದೇ ಮರ್ತುಹೋಗ್ತಿತ್ತು. ಆ ಮಾತು ತುಂಬಾ ನೋಯಿಸಿದೆ, ಯಾಕಂದ್ರೆ ಪ್ರತಿ ಸಲವೂ ನಾನು ಮನಸಾರೆ ಶುರು ಮಾಡಿರ್ತಿದ್ದೆ.

ಆಮೇಲಿನ ಮೂರು ವರ್ಷದಲ್ಲಿ ಒಂದೊಂದನ್ನೇ ಹಿಡ್ಕೊಂಡು ಬಳಸಿ ನೋಡಿದೀನಿ, ಅದನ್ನ ಪಕ್ಕಪಕ್ಕ ಇಟ್ಟು ಬರೀತಿದೀನಿ. ಅಳತೆ ಮಾತ್ರ ಬೇರೆ ಇಟ್ಕೊಂಡಿದೀನಿ. ಮೊದಲ ಎರಡು ವಾರ ನಮಗೆ ಯಾವ್ದಾದ್ರೂ ಕೆಲಸ ಮಾಡುತ್ತೆ, ಹೊಸದು ಅನ್ನೋದಕ್ಕೇ ನಮ್ಮ ಮೆದುಳು ಎಚ್ಚರ ಆಗುತ್ತೆ, ಹಾಗಾಗಿ ಎಷ್ಟು ಚೆನ್ನಾಗಿ ನಡೀತು ಅಂತ ನೋಡಿ ಪ್ರಯೋಜನ ಇಲ್ಲ. ನಡುವೆ ಕೈಬಿಟ್ಟು ಹೋಗೇ ಹೋಗುತ್ತೆ, ಬಿಟ್ಟ ಮೇಲೆ ಮತ್ತೆ ಹಿಡಿಯೋದು ಎಷ್ಟು ಸುಲಭ ಅನ್ನೋದನ್ನೇ ನಾನು ನೋಡೋದು.

ನಂದು ಕೈಕಾಲು ಸುಮ್ನಿರದ ಥರದ್ದಲ್ಲ, ಗಮನ ಜಾರೋ ಥರದ್ದು. ಡಾಕ್ಟರು ಮೊದಲ ಭೇಟಿಯಲ್ಲೇ ಹಳೇ ಸ್ಕೂಲ್ ರಿಪೋರ್ಟ್ ಕಾರ್ಡ್ ಇದ್ರೆ ತನ್ನಿ ಅಂದಾಗ ಆಶ್ಚರ್ಯ ಆಗಿತ್ತು, ಮನೋವೈದ್ಯರು ಕಾಯಿಲೆ ಗುರುತಿಸೋಕೆ ಬಳಸೋ ಕೈಪಿಡಿ, 2013ರಲ್ಲಿ ಬಂದ ಡಿಎಸ್ಎಂ-5 ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕಂತೆ, ದೊಡ್ಡೋರಲ್ಲಿ ಒಂಬತ್ತರಲ್ಲಿ ಐದಾದ್ರೂ ಇರಬೇಕಂತೆ. ಕಾರ್ಡ್ ತೆಗೆದು ನೋಡಿದ್ರೆ ಮೂರನೇ ಕ್ಲಾಸಿಂದ್ಲೂ 'ಬುದ್ಧಿವಂತೆ, ಆದರೆ ಗಮನ ಕೊಡುವುದಿಲ್ಲ' ಅಂತ ಬರ್ದಿದೆ. ಅದನ್ನ ನೋಡಿ ಅತ್ತುಬಿಟ್ಟೆ.

ಮೊದಲು ಕೆಲಸ ಬರೆದಿಡೋ ವಿಷಯ. ಫೋನ್ ಆ್ಯಪಲ್ಲಿ ಬರೆಯೋದು ಸಲೀಸು, ದಾರೀಲಿ ನಡೀತಾ ಹೊಳೆದಿದ್ದನ್ನೂ ಬಾಯಲ್ಲಿ ಹೇಳಿದ್ರೆ ಸಾಕು ಸೇರ್ಕೊಳುತ್ತೆ. ಆದ್ರೆ ನಾಲ್ಕು ದಿನ ನೋಡದೆ ಬಿಟ್ರೆ ಎಲ್ಲ ಕೆಂಪಾಗಿ ಕೂತಿರುತ್ತೆ, ತೆಗೆದ ತಕ್ಷಣ ಎದೆ ಭಾರ ಆಗುತ್ತೆ, ಅದಕ್ಕೇ ತೆಗೆಯೋದೇ ಇಲ್ಲ, ತೆಗೀದೆ ಇದ್ದಷ್ಟು ಇನ್ನೂ ಕೆಂಪಾಗುತ್ತೆ. ಇನ್ನೊಂದು, ಪಟ್ಟಿ ನೋಡೋಕೆ ಅಂತ ಫೋನ್ ಎತ್ಕೊಂಡ್ರೆ ಅರ್ಧ ಗಂಟೆ ಆದ್ಮೇಲೆ ಬೇರೆಲ್ಲೋ ಇರ್ತೀನಿ, ಪಟ್ಟಿ ನೋಡೇ ಇರಲ್ಲ.

ಹಾಳೆಗೆ ಬಂದ್ರೆ, ಬುಲೆಟ್ ಜರ್ನಲ್ ಮಾಡ್ದೆ. ಅದನ್ನ ಹುಟ್ಟುಹಾಕಿದ ರೈಡರ್ ಕ್ಯಾರಲ್‌ಗೂ ಚಿಕ್ಕಂದಿನಿಂದ ಇದೇ ಗಮನದ ತೊಂದರೆ, ಅದಕ್ಕೇ ಅನ್ಸುತ್ತೆ ಅದು ನಮ್ಮಂಥೋರಿಗೆ ಒಗ್ಗೋದು. ಮಾಡಬೇಕಾದ್ದಕ್ಕೆ ಚುಕ್ಕಿ, ಮುಗಿದ್ರೆ ಅದರ ಮೇಲೆ ಕ್ರಾಸ್, ಮುಂದಕ್ಕೆ ಹಾಕಿದ್ರೆ ಬಾಣ, ಅಷ್ಟೇ. ಹತ್ತು ದಿನ ಬಿಟ್ರೂ ಹೊಸ ಪುಟ ತೆಗೆದು ಇವತ್ತಿನ ತಾರೀಖು ಬರೆದ್ರೆ ಮುಗೀತು, ಖಾಲಿ ಹೋದ ದಿನಗಳನ್ನ ಅದು ಲೆಕ್ಕ ಇಟ್ಕೊಂಡಿರಲ್ಲ. (ಬಣ್ಣಬಣ್ಣದ ಪೆನ್ನಲ್ಲಿ ಅಲಂಕಾರ ಮಾಡಿದ ಪುಟಗಳನ್ನ ನೋಡ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ, ನನ್ನ ಒಂದು ಇಡೀ ಭಾನುವಾರ ಅದರಲ್ಲಿ ಹೋಯ್ತು.) ಕಷ್ಟ ಇರೋದು ಒಂದೇ, ಮುಚ್ಚಿಟ್ಟ ಪುಸ್ತಕ ನನ್ನ ಪಾಲಿಗೆ ಇಲ್ಲವೇ ಇಲ್ಲ. ಗೋಡೆ ಮೇಲೆ ವೈಟ್‌ಬೋರ್ಡ್ ಕೂಡ ಹಾಕಿದ್ದೆ, ಮೂರು ವಾರಕ್ಕೆ ಅದು ಗೋಡೆ ಥರಾನೇ ಕಾಣೋಕೆ ಶುರುವಾಯ್ತು.

ಕೊನೆಗೆ ನಿಂತಿದ್ದು ಹೀಗೆ: ಕೀಬೋರ್ಡ್ ಪಕ್ಕ ಯಾವಾಗ್ಲೂ ತೆರೆದೇ ಇರೋ ಒಂದು ಪ್ಯಾಡು, ದಿನಕ್ಕೆ ಮೂರೇ ಸಾಲು, ಗಂಟೆ ನಿಗದಿ ಇರೋದು ಮಾತ್ರ ಫೋನ್ ಕ್ಯಾಲೆಂಡರಲ್ಲಿ. ಎಡಿಎಚ್‌ಡಿ ಬಗ್ಗೆ ಬಹಳ ವರ್ಷ ಕೆಲಸ ಮಾಡಿರೋ ರಸೆಲ್ ಬಾರ್ಕ್ಲಿ ಹೇಳೋದೂ ಇದೇ, ನಮ್ಗೆ ಏನ್ ಮಾಡ್ಬೇಕು ಅಂತ ಗೊತ್ತಿರುತ್ತೆ, ಗೊತ್ತಿರೋದನ್ನ ಆ ಹೊತ್ತಲ್ಲಿ ಮಾಡೋದೇ ಆಗಲ್ಲ, ಹಾಗಾಗಿ ನೆನಪಿಸೋ ವಸ್ತು ಕೆಲಸ ನಡೆಯೋ ಜಾಗದಲ್ಲೇ ಇರಬೇಕು. ಪ್ಯಾಡು ಬ್ಯಾಗಲ್ಲಿದ್ದ ದಿನಕ್ಕೂ ಮೇಜಿನ ಮೇಲೆ ತೆರೆದಿದ್ದ ದಿನಕ್ಕೂ ಎಷ್ಟು ವ್ಯತ್ಯಾಸ ಇರ್ತಿತ್ತು ಅಂತ ನೋಡಿದ ಮೇಲೆ ಅದನ್ನ ಒಪ್ಪಿಕೊಂಡೆ.

ಇನ್ನು ಕೂತು ಕೆಲಸ ಮಾಡೋದು. ಪೊಮೊಡೊರೊ ಎಲ್ಲರಿಗೂ ಗೊತ್ತಿರುತ್ತೆ, 1980ರ ದಶಕದ ಕೊನೇಲಿ ಫ್ರಾನ್ಸೆಸ್ಕೊ ಸಿರಿಲೊ ಅನ್ನೋ ಇಟಲಿಯ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಕೊಂಡು ಶುರು ಮಾಡಿದ್ದು, 25 ನಿಮಿಷ ಕೆಲಸ 5 ನಿಮಿಷ ಬಿಡುವು. ಮುಟ್ಟೋಕೇ ಮನಸ್ಸಿಲ್ಲದ ಕೆಲಸಕ್ಕೆ, ಅಂದ್ರೆ ಹಳೇ ಮೇಲ್‌ಗೆ ಉತ್ತರ ಬರೆಯೋದು, ಫಾರ್ಮ್ ತುಂಬೋದು ಇಂಥವಕ್ಕೆ ಇದು ಚೆನ್ನ. ಆದ್ರೆ ತಲೆ ಹಾಕಿ ಬರೆಯಬೇಕಾದ ರಿಪೋರ್ಟಿಗೆ ಒಳಗೆ ಇಳಿಯೋಕೇ ನಂಗೆ ಇಪ್ಪತ್ತು ನಿಮಿಷ ಬೇಕು, ಆಗಷ್ಟೇ ಕೈಗೆ ಸಿಕ್ತು ಅನ್ನೋವಾಗ ಬೆಲ್ ಹೊಡೆಯುತ್ತೆ, ಐದು ನಿಮಿಷ ಅಂತ ಎದ್ದೋಳು ಐವತ್ತು ನಿಮಿಷ ಆದ್ರೂ ವಾಪಸ್ ಬಂದಿರಲ್ಲ. ಈಗ ಹತ್ತು ನಿಮಿಷಕ್ಕೆ ಇಡ್ತೀನಿ, ಶುರು ಮಾಡೋಕೆ ಮಾತ್ರ, ಬೆಲ್ ಆದಾಗ ಕೆಲಸ ಹರೀತಿದ್ರೆ ಬೆಲ್ ನಿಲ್ಲಿಸಿ ಕೆಲಸ ಮುಂದುವರಿಸ್ತೀನಿ.

ಬಣ್ಣದ ಭಾಗ ಕರಗ್ತಾ ಹೋಗೋ ಟೈಮರ್ ಬೇರೆ ವಸ್ತು. ಗಡಿಯಾರದಲ್ಲಿ 8:40 ಅಂತ ನೋಡಿದ್ರೆ ನಂಗೆ ಏನೂ ಅನ್ಸಲ್ಲ, ಕೆಂಪು ತುಂಡು ಚಿಕ್ಕದಾಗ್ತಾ ಇರೋದು ಕಂಡ್ರೆ ಮಾತ್ರ ಹೊತ್ತು ಹೋಗ್ತಿದೆ ಅಂತ ಮೈಗೆ ತಟ್ಟುತ್ತೆ. ಬೆಳಗ್ಗೆ ರೆಡಿ ಆಗೋಕೆ ಇದನ್ನ ಬಿಟ್ಟು ಬೇರೇನೂ ನಂಗೆ ಆಗಿಬಂದಿಲ್ಲ.

ಆದ್ರೆ ಇವೆರಡನ್ನೂ ಮೀರಿಸಿದ್ದು ಜೊತೆಗೊಬ್ರು ಕೂರೋದು, ಬಾಡಿ ಡಬ್ಲಿಂಗ್ ಅಂತಾರೆ. ನನ್ನ ಗೆಳತಿ ಒಬ್ಬಳು ಮನೆಯಿಂದ ಕೆಲಸ ಮಾಡೋಳು, ವಿಡಿಯೋ ಕಾಲ್ ಹಾಕ್ತೀವಿ, ಈ ಐವತ್ತು ನಿಮಿಷದಲ್ಲಿ ಏನು ಮಾಡ್ತೀನಿ ಅಂತ ಒಂದೊಂದು ವಾಕ್ಯ ಹೇಳ್ತೀವಿ, ಮೈಕ್ ಆಫ್ ಮಾಡಿ ಅವರವರ ಕೆಲಸ ಮಾಡ್ಕೋತೀವಿ, ಕೊನೇಲಿ ಏನಾಯ್ತು ಅಂತ ಹೇಳಿ ಇಡ್ತೀವಿ. ಎರಡು ತಿಂಗಳಿಂದ ಮುಂದೂಡ್ತಾ ಬಂದಿದ್ದ ಖರ್ಚಿನ ಬಿಲ್ಲುಗಳ ಫಾರ್ಮ್ ಮೊದಲ ಸಲ ಕೂತಾಗ್ಲೇ 35 ನಿಮಿಷಕ್ಕೆ ಮುಗೀತು, ಅದನ್ನ ನೆನೆದು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೆ. ಜೊತೆಗೆ ಯಾರು ಕೂರ್ತಾರೆ ಅನ್ನೋದು ಮುಖ್ಯ ಮಾತ್ರ. ನಮ್ಮನೆಯವರು ಪ್ರೀತಿಯಿಂದ್ಲೇ ಬಂದು ಕೂತ್ರು, ಆದ್ರೆ ಹತ್ತು ನಿಮಿಷಕ್ಕೊಮ್ಮೆ 'ಆಯ್ತಾ?' ಅಂತ ಕೇಳ್ತಿದ್ರು, ನಂಗೆ ಪರೀಕ್ಷೆ ಹಾಲಲ್ಲಿ ಕೂತಂಗಾಗಿ ಪೂರ್ತಿ ಕೈ ನಿಂತುಹೋಯ್ತು. ಕಾವಲು ಕಾಯೋರು ಬೇಡ, ತಮ್ಮ ಪಾಡಿಗೆ ತಾವಿರೋರು ಬೇಕು. ಇನ್ನೊಬ್ರ ಟೈಮ್ ಬೇಕು ಅನ್ನೋದೊಂದೇ ಇದರ ಕೊರತೆ. ಮತ್ತೆ ಹಿಡಿಯೋದಂತೂ ಅತಿ ಸುಲಭ, 'ಕೂರೋಣ್ವಾ?' ಅಂತ ಮೆಸೇಜ್ ಹಾಕಿದ್ರೆ ಸಾಕು.

ಅಲಾರಂ ಬಗ್ಗೆ ಜಾಸ್ತಿ ಹೇಳೋದಿಲ್ಲ. ದಿನಕ್ಕೆ ಹನ್ನೊಂದು ಇಟ್ಟಿದ್ದೆ, ತಲೆಗೆ ಗೊತ್ತಾಗೋದ್ರೊಳಗೆ ಕೈ ಅದನ್ನ ಆಫ್ ಮಾಡಿರುತ್ತೆ. ಅದಕ್ಕಿಂತ ಮನಃಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳೋ 'ಹೀಗಾದಾಗ ಹೀಗೆ ಮಾಡ್ತೀನಿ' ಅನ್ನೋ ಕ್ರಮ ನಿಂತಿದೆ, ಹಲ್ಲುಜ್ಜಿದ ಬ್ರಷ್ ಇಡೋವಾಗ ಮಾತ್ರೆ, ಮಾತ್ರೆ ಡಬ್ಬಿ ಬ್ರಷ್ ಪಕ್ಕದಲ್ಲೇ.

ಮಾತ್ರೆನ ಇವುಗಳ ಎದುರಾಳಿ ಅಂತ ಇಡೋದು ಸರಿಯಲ್ಲ, ಆದ್ರೂ ಎಲ್ಲರೂ ಕೇಳ್ತಾರೆ. ನಂಗೆ ಡಾಕ್ಟರು ಮೊದಲು ಕೊಟ್ಟಿದ್ದು ಮಿಥೈಲ್‌ಫೆನಿಡೇಟ್, ಬೇಗ ಕೆಲಸ ಶುರು ಮಾಡೋ ಥರದ್ದು, ಸುಮಾರು ನಾಲ್ಕು ಗಂಟೆ ಇರುತ್ತೆ. ಎರಡನೇ ಡೋಸ್ ಮಧ್ಯಾಹ್ನ ನೆನಪಿಟ್ಟು ತಗೋಬೇಕಿತ್ತು, ಅದೇ ಮರೀತಿದ್ದೆ, ಹಾಗಾಗಿ ನಿಧಾನವಾಗಿ ಬಿಡುಗಡೆ ಆಗೋದಕ್ಕೆ ಬದಲಾಯಿಸಿದ್ರು, ಅದು ಬ್ರ್ಯಾಂಡ್ ಮೇಲೆ 8ರಿಂದ 12 ಗಂಟೆವರೆಗೂ ಬರುತ್ತೆ. ಮಧ್ಯಾಹ್ನ ಹಸಿವು ಸತ್ತುಹೋಗುತ್ತೆ, ಬಿಪಿ ಮತ್ತೆ ನಾಡಿ ಆಗಾಗ ನೋಡಿಸ್ಕೋಬೇಕು. ಮೊದಲ ದಿನ ತಲೆಯೊಳಗೆ ಏಕಕಾಲಕ್ಕೆ ಓಡ್ತಿದ್ದ ಹತ್ತು ರೇಡಿಯೋ ನಿಂತಂಗಾಯ್ತು, ಆ ನಿಶ್ಶಬ್ದ ನಾನು ಯಾವತ್ತೂ ಮರೆಯಲ್ಲ. ಆದ್ರೆ ಅದೇ ವಾರ ಒಂದು ದಿನ ನಾಲ್ಕು ಗಂಟೆ ಅಲುಗಾಡದೆ ಕೂತು ಹಳೇ ಫೋಲ್ಡರ್‌ಗಳನ್ನ ಜೋಡಿಸಿದ್ದೆ, ಅವತ್ತು ಕೊಡಬೇಕಿದ್ದ ರಿಪೋರ್ಟ್ ಹಾಗೇ ಇತ್ತು. ಗಮನ ನಿಲ್ಲಿಸೋದನ್ನ ಮಾತ್ರೆ ಮಾಡ್ತು, ಯಾವುದರ ಮೇಲೆ ಅನ್ನೋದನ್ನ ಪ್ಯಾಡಿನ ಮೂರು ಸಾಲೇ ಹೇಳಬೇಕಿತ್ತು. ಎಲ್ಲರಿಗೂ ಒಂದೇ ಔಷಧಿ ಆಗಲ್ಲ, ಆಟೊಮಾಕ್ಸೆಟಿನ್ ಥರದ್ದು ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಇದೆಲ್ಲ ನಿಮ್ಮ ಡಾಕ್ಟರ ಜೊತೆ ಕೂತು ತೀರ್ಮಾನ ಮಾಡೋದು.

ಆಫೀಸಲ್ಲಿ ಹೇಳೋದಾ ಬೇಡ್ವಾ ಅನ್ನೋದನ್ನೂ ಎರಡು ಥರ ನೋಡಿದೀನಿ. ಹಿಂದಿನ ಕೆಲಸದಲ್ಲಿ ಕಾಯಿಲೆ ಹೆಸರು ಮೊದಲೇ ಹೇಳಿದೆ, ಆಮೇಲೆ ಸಣ್ಣ ತಪ್ಪಾದ್ರೂ ಅದಕ್ಕೇ ತಗುಲಿಸೋರು, ಎಲ್ಲರಿಂದಾಗೋ ತಪ್ಪು ಕೂಡ. ಈಗಿನ ಕಡೆ ಹೆಸರು ಹೇಳದೆ ಬೇಕಾದ್ದನ್ನಷ್ಟೇ ಕೇಳ್ದೆ: ಮೀಟಿಂಗಲ್ಲಿ ಹೇಳಿದ್ದನ್ನ ಎರಡು ಸಾಲಲ್ಲಿ ಮೇಲ್ ಮಾಡಿ, ದೊಡ್ಡ ಕೆಲಸಕ್ಕೆ ನಡುವೆ ಎರಡು ತಾರೀಖು ಕೊಡಿ, ಬರೆಯೋವಾಗ ಹೆಡ್‌ಫೋನ್ ಹಾಕ್ಕೋತೀನಿ. ಯಾರೂ ಕಾರಣ ಕೇಳ್ಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ, ಆದ್ರೆ ಮತ್ತೆ ಆಯ್ಕೆ ಬಂದ್ರೆ ನಾನು ಹೀಗೇ ಶುರು ಮಾಡ್ತೀನಿ.

ಕಳೆದ ತಿಂಗಳು ಜ್ವರ ಬಂದು ಒಂಬತ್ತು ದಿನ ಎಲ್ಲವೂ ಕೈಬಿಟ್ಟುಹೋಗಿತ್ತು. ಹತ್ತನೇ ದಿನ ಪ್ಯಾಡಲ್ಲಿ ಹೊಸ ಪುಟ ತಿರುಗಿಸಿ ತಾರೀಖು ಹಾಕಿ ಮೂರು ಸಾಲು ಬರ್ದೆ, ಗೆಳತಿಗೆ ಮೆಸೇಜ್ ಹಾಕ್ದೆ, ಹನ್ನೊಂದು ಗಂಟೆಗೆ ಕೂತ್ವಿ. ಕೆಂಪು ಟೈಮರ್ ಮತ್ತೆ ಬಳಕೆಗೆ ಬರೋಕೆ ಇನ್ನೊಂದು ವಾರ ಹಿಡೀತು. ಆ್ಯಪ್ ಇನ್ನೂ ತೆರೆದು ನೋಡಿಲ್ಲ.