ಗಾಯಗೊಂಡ ಮಗನ ಹೆಸರಲ್ಲಿ ಹಣ ಕೇಳುವ ಫೋನ್ ಬಂದರೆ ನಂಬಬೇಡಿ

ಮನೆಯಲ್ಲಿ ಸೈನಿಕರಿರುವವರು ದಯವಿಟ್ಟು ಇದನ್ನು ಓದಿ. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ಸೈನ್ಯದಲ್ಲಿರುವ ನಮ್ಮ ಅಣ್ಣನ ಮಗ ಜಮ್ಮು-ಕಾಶ್ಮೀರದ ಗಡಿಯ ಪೂಂಚ್ ಕಡೆ ಇದ್ದ. ಮೇ 7ರಿಂದ ಅಲ್ಲಿ ಶೆಲ್ ಬೀಳುತ್ತಿರುವುದನ್ನು ಟಿವಿಯಲ್ಲಿ ತೋರಿಸುತ್ತಲೇ ಇದ್ದರು. ಇವನ ಫೋನ್ ಸ್ವಿಚ್ ಆಫ್. 10ರ ಸಂಜೆ ಕದನ ವಿರಾಮ ಅಂದರು. ಆಮೇಲೂ ಸುದ್ದಿಯಿಲ್ಲ. ಅವನ ತಾಯಿ, ನಮ್ಮ ವೈನಿ, ಊಟವನ್ನೇ ಬಿಟ್ಟಿದ್ದರು.

ಅಂಥ ಹೊತ್ತಲ್ಲೇ ಅವರಿಗೆ ವಾಟ್ಸಾಪ್ ಕರೆ ಬಂತು. ಡಿಪಿಯಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿ. ‘ಮಾತಾಜಿ, ಗಾಬರಿಯಾಗಬೇಡಿ. ಮಗನ ಕಾಲಿಗೆ ಪೆಟ್ಟಾಗಿದೆ, ಜೀವಕ್ಕೇನೂ ಅಪಾಯವಿಲ್ಲ’ ಅಂತ ಹಿಂದಿಯಲ್ಲಿ ಬಹಳ ಮೆತ್ತಗೆ ಮಾತಾಡಿದನಂತೆ. ಹುಡುಗನ ಹೆಸರು, ರೆಜಿಮೆಂಟ್, ಊರು ಎಲ್ಲ ಸರಿಯಾಗಿ ಹೇಳಿದ. ಬ್ಯಾಂಡೇಜ್ ಸುತ್ತಿದ ಕಾಲಿನ ಫೋಟೋ ಕಳಿಸಿದ. ಅದರಲ್ಲಿ ಮುಖ ಇರಲಿಲ್ಲ. ಆಮೇಲೆ ಶುರುವಾಯ್ತು ಅಸಲಿ ಮಾತು. ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಈಗ 40,000 ಹಾಕಿ, ಸೇನೆ ವಾಪಸ್ ಕೊಡುತ್ತದೆ, ಭದ್ರತೆಯ ವಿಷಯ, ಯಾರಿಗೂ ಹೇಳಬೇಡಿ. ವೈನಿ ಪಕ್ಕದ ಮನೆ ಹುಡುಗನ ಕೈಲಿ ಹಣ ಹಾಕಿಸಿಬಿಟ್ಟರು. ಮಗ ಬದುಕಿದ್ದಾನೆ ಅಂತ ಹೇಳಿದವನು ಅವನೊಬ್ಬನೇ ಅಲ್ವಾ? ಹೆತ್ತವಳನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಕಡೆಗೆ ಹುಡುಗನೇ ಫೋನ್ ಮಾಡಿದ. ‘ಅವ್ವಾ, ನಾ ಅರಾಮ ಅದೀನಿ. ಫೋನ್ ಇಸಕೊಂಡಿದ್ರು.’ ಅವನಿಗೆ ಒಂದು ಗೀರೂ ಆಗಿರಲಿಲ್ಲ.

ಊರ ಹುಡುಗರು ಅಭಿಮಾನದಿಂದ ಅವನ ಫೋಟೋ, ರೆಜಿಮೆಂಟ್ ಹೆಸರು ಫೇಸ್‌ಬುಕ್ಕಿಗೆ ಹಾಕಿದ್ದರು. ಕೆಳಗೆ ಮನೆಯ ನಂಬರ್ ಬೇರೆ! ಕಳ್ಳನಿಗೆ ಅಷ್ಟೇ ಸಾಕಿತ್ತು ಅನ್ನಿಸುತ್ತೆ. ದಯವಿಟ್ಟು ಹಾಗೆ ಹಾಕಬೇಡಿ, ಹಾಕಿದ್ದರೆ ಈಗಲೇ ತೆಗೆಸಿ.

ಕಾಳಗದ ಹೊತ್ತಲ್ಲಿ ಮೊಬೈಲ್ ಬಂದ್ ಮಾಡಿಸುವುದು ಸಾಮಾನ್ಯ. ಫೋನ್ ಇಂದಲೇ ಸೈನಿಕರು ಎಲ್ಲಿದ್ದಾರೆ ಅಂತ ಶತ್ರುವಿಗೆ ಗೊತ್ತಾಗಬಹುದು. ಆದ್ದರಿಂದ ಫೋನ್ ಬರಲಿಲ್ಲ ಅಂದ ಮಾತ್ರಕ್ಕೆ ಕೆಟ್ಟದ್ದೇ ಆಗಿದೆ ಅಂತಲ್ಲ. ಗಾಯಗೊಂಡ ಸೈನಿಕನಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಸಾಗಿಸುವ ಖರ್ಚೂ ಸೇನೆಯದೇ. ಮನೆಯವರ ಹತ್ತಿರ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಮಗ ರಜೆಗೆ ಬಂದಾಗಲೇ ಯೂನಿಟ್ಟಿನ ನಂಬರ್, ಜೊತೆಗಿರುವ ಒಬ್ಬಿಬ್ಬರ ಮನೆಯವರ ನಂಬರ್ ಬರೆಸಿಟ್ಟುಕೊಳ್ಳಿ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಬಹುದು. ಅಪರಿಚಿತರ ಕರೆ ಬಂದರೆ ಮೊದಲು ಫೋನ್ ಇಟ್ಟು, ಈ ನಂಬರುಗಳಿಗೆ ನೀವೇ ಮಾಡಿ ಕೇಳಿ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಮಗೆ ಮೋಸ ಗೊತ್ತಾಗುವಷ್ಟರಲ್ಲಿ ಹಣ ಕೈ ದಾಟಿ ಹೋಗಿತ್ತು.