ಶಾರ್ಕ್ ಫಿನ್ ಆಂಟೆನಾ: ಕಾಸರಗೋಡಿನ ರಸ್ತೆಗೆ ಸಾಲದು

ಹಳೆ ಕಾರಿನ ರೇಡಿಯೊ ಆಂಟೆನಾ ಕಡ್ಡಿ ತೆಗೆದು ಕೂರಿಸಲೆಂದು ಬಿಡಿಭಾಗದ ಅಂಗಡಿಗಳಲ್ಲಿ ಮಾರುವ, ಶಾರ್ಕ್ ಮೀನಿನ ರೆಕ್ಕೆಯ ಆಕಾರದ ಶಾರ್ಕ್ ಫಿನ್ ಆಂಟೆನಾ ನೋಡಲು ಚಂದವೇ. ಆದರೆ ಮಂಗಳೂರು ಆಕಾಶವಾಣಿಯ 100.3 ಎಫ್‌ಎಂ ಕೇಳುತ್ತಾ ಕಾಸರಗೋಡಿನವರೆಗೆ ಹೋಗಬೇಕೆನ್ನುವವರಿಗೆ ಇದನ್ನು ಕೊಳ್ಳಿ ಎನ್ನಲಾರೆವು.

ಎಫ್‌ಎಂ ತರಂಗದ ಉದ್ದ ಸುಮಾರು 3 ಮೀಟರ್. ಅದರ ಕಾಲುಭಾಗ, ಅಂದರೆ 75 ಸೆಂ.ಮೀ. ಉದ್ದದ ಕಡ್ಡಿ ಚೆನ್ನಾಗಿ ಹಿಡಿಯುತ್ತದೆ. ಕಂಪನಿಯ ಗಿಡ್ಡ ಕಡ್ಡಿಯೊಳಗೆ ತಂತಿಯನ್ನು ಸುರುಳಿ ಸುತ್ತಿ ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿರುತ್ತಾರೆ. ಫಿನ್‌ನಲ್ಲಿ ಅಷ್ಟಕ್ಕೂ ಜಾಗವಿಲ್ಲ, ಅದಕ್ಕೇ ಬುಡದಲ್ಲಿ ಬೂಸ್ಟರ್, ಅಂದರೆ ಸಿಗ್ನಲ್ ಏರಿಸುವ ಪುಟ್ಟ ಸಾಧನ. ಬೂಸ್ಟರ್ ಹಾಡನ್ನೂ ಏರಿಸುತ್ತದೆ, ಕರಕರವನ್ನೂ ಏರಿಸುತ್ತದೆ. ಆಂಟೆನಾಕ್ಕೆ ಸಿಗದ್ದನ್ನು ಅದು ಹುಟ್ಟಿಸಿಕೊಡುವುದಿಲ್ಲ. ಬೂಸ್ಟರೂ ಇಲ್ಲದೆ ಬರೀ ಅಂಟಿಸುವ ಫಿನ್‌ಗಳೂ ಇವೆ. ಅವು ಅಲಂಕಾರಕ್ಕೆ ಮಾತ್ರ.

ಮಂಗಳೂರಿಗೆ ಹತ್ತಿರದ ತಲಪಾಡಿಯ ಆಸುಪಾಸಿನಲ್ಲಿ ವ್ಯತ್ಯಾಸ ಗೊತ್ತಾಗದು. ಉಪ್ಪಳ, ಕುಂಬಳೆ ದಾಟುವಾಗ ಗೊತ್ತಾಗುತ್ತದೆ. ಎಫ್‌ಎಂ ಹೆಚ್ಚುಕಡಿಮೆ ನೇರ ದಾರಿಯಲ್ಲೇ ಸಾಗುವುದರಿಂದ 100 ಮೀಟರ್ ಎತ್ತರದ ಟವರಿನ ಸಿಗ್ನಲ್ ಕೂಡ ಸಮತಟ್ಟು ನೆಲದಲ್ಲಿ 40 ಕಿ.ಮೀ. ದಾಟುತ್ತಿದ್ದಂತೆ ಸೊರಗುತ್ತದೆ. ಬದಿಯಡ್ಕ, ಮುಳ್ಳೇರಿಯ ಕಡೆ ತಿರುಗಿದರೆ ಗುಡ್ಡಗಳ ಮರೆ ಬೇರೆ. ಅಂಥಲ್ಲಿ ಕಡ್ಡಿಯ ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತದೆ.

ಎಲ್ಲ ತಪ್ಪನ್ನೂ ಆಂಟೆನಾದ ತಲೆಗೆ ಕಟ್ಟಬಾರದು. ಕಾರು ನಿಂತಾಗ ಕರಕರ, ಎರಡು ಮೊಳ ಮುಂದೆ ಸರಿದರೆ ಸ್ವಚ್ಛ ಎಂದಾದರೆ ನೇರ ಬಂದ ಅಲೆಯೂ ಗುಡ್ಡಕ್ಕೋ ಕಟ್ಟಡಕ್ಕೋ ಬಡಿದು ಬಂದ ಅಲೆಯೂ ಆ ಜಾಗದಲ್ಲಿ ಒಂದನ್ನೊಂದು ಅಳಿಸಿವೆ. ಯಾವ ಆಂಟೆನಾ ಹಾಕಿದರೂ ಇದು ಪೂರ್ತಿ ಹೋಗದು. ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್ ಕಿತ್ತೊಡನೆ ಸದ್ದು ನಿಂತರೆ ಕಳ್ಳ ಅಲ್ಲಿದ್ದಾನೆ. ಸಿಗ್ನಲ್ ಕ್ಷೀಣವಿದ್ದಾಗ ಸ್ಟೀರಿಯೋ ಬಿಟ್ಟು ಮೋನೋಗೆ (ಎಲ್ಲ ಸ್ಪೀಕರಿಗೂ ಒಂದೇ ಧ್ವನಿ) ಹಾಕಿ, ಶ್ಶ್ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ. ಸೆಟ್ಟಿನಲ್ಲಿ ‘ಲೋಕಲ್’ ಆಯ್ಕೆ ಆನ್ ಆಗಿದ್ದರೆ ಆಫ್ ಮಾಡಿ. ಅದು ದೂರದ ಸ್ಟೇಷನ್‌ಗಳನ್ನು ಹುಡುಕಾಟದಲ್ಲಿ ಬಿಟ್ಟುಬಿಡುತ್ತದೆ.

ಫಿನ್ನೇ ಬೇಕೆಂದರೆ ಎರಡು ಕೆಲಸ ಕಣ್ಣೆದುರೇ ಮಾಡಿಸಿ. ಬುಡದ ಬೋಲ್ಟ್ ಕೂರುವಲ್ಲಿ ಛಾವಣಿಯ ಒಳಮಗ್ಗುಲಿನ ಬಣ್ಣ ಕೆರೆದು ಬರಿ ತಗಡಿಗೆ ತಾಗಿಸಬೇಕು. ಬರೀ ಅಂಟಿನ ಮೇಲೆ ಕೂತರೆ ಅರ್ತ್, ಅಂದರೆ ಕಾರಿನ ಲೋಹದ ಮೈಯ ಸಂಪರ್ಕ, ಸಿಗದು. ಬೂಸ್ಟರಿನ ತಂತಿ ರೇಡಿಯೊ ಸೆಟ್ಟಿನ ಹಿಂದಿನ, ಸಾಮಾನ್ಯವಾಗಿ ನೀಲಿ ಬಣ್ಣದ 12 ವೋಲ್ಟಿನ ಆಂಟೆನಾ ತಂತಿಗೆ ಸೇರಬೇಕು. ಇದನ್ನು ಬಿಟ್ಟುಬಿಡುವ ಕೆಲಸಗಾರರೂ ಇದ್ದಾರೆ, ಆಗ ಸತ್ತ ಬೂಸ್ಟರ್ ಬಂದ ಸಿಗ್ನಲನ್ನೂ ತಡೆಯುತ್ತದೆ. ನಮ್ಮ ಮಳೆಗೆ, ಕಡಲ ಉಪ್ಪುಗಾಳಿಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುವುದರಿಂದ ಗ್ರೀಸ್ ಸವರಿ, ರಬ್ಬರ್ ವಾಷರ್ ಸರಿಯಾಗಿ ಕೂತಿದೆಯೇ ನೋಡಿ.

ಇಷ್ಟೆಲ್ಲ ಮಾಡಿಸಿದರೂ ಉದ್ದ ಕಡ್ಡಿಗೆ ಫಿನ್ ಸಾಟಿಯಲ್ಲ. ಹಳೆ ಕಡ್ಡಿ ಮುರಿದಿದ್ದರೆ ಅದೇ ತಿರುಪಿನ, ಸಿಕ್ಕಷ್ಟು ಉದ್ದದ ಕಡ್ಡಿ ಕೊಳ್ಳಿ. ತಿರುಪಿನ ಅಳತೆ ಹೊಂದಿಸಲು ಮುರಿದ ತುಂಡನ್ನು ಅಂಗಡಿಗೆ ಒಯ್ಯಿರಿ.